ಮುಟ್ಟದ ಭಂಡಾರ

ಹಡಗಲಿ ತಾಲ್ಲೂಕಿನ ಆ ಊರಿಗೆ ನಾನು ಮೊದಲ ಸಲ ಹೋದದ್ದು ಒಬ್ಬ ಹೆಣ್ಣುಮಗಳು ದೇವರ ಮುಂದೆ ಆಣೆ ಮಾಡುವುದನ್ನು ನೋಡುವುದಕ್ಕೆ. ಅಂಥದ್ದೊಂದನ್ನು ಕಣ್ಣಾರೆ ಕಾಣದೆ ನನ್ನ ಪ್ರಬಂಧ ಮುಂದೆ ಹೋಗುವಂತಿರಲಿಲ್ಲ. ಆಕೆಗೆ ಬೇಕಾಗಿದ್ದದ್ದು ಮಾತ್ರ ತನ್ನ ಹೊಲಕ್ಕೆ ಹೋಗುವ ಬಂಡಿದಾರಿ.

ಆಗ ನಾನು ಸಂಶೋಧನೆಯೇ ಮುಖ್ಯವಾದ ಎಲ್‌ಎಲ್‌ಎಂ ಓದುತ್ತಿದ್ದೆ. ಅದಕ್ಕೂ ಮೊದಲು ಬಹಳ ಕಾಲ ಪತ್ರಿಕೆಯೊಂದಕ್ಕೆ ಈ ಭಾಗದ ಕೋರ್ಟ್ ಸುದ್ದಿ ಬರೆದವನು. ಮನೆ ಕೊಟ್ಟೂರಿನಲ್ಲಿ. ವರದಿಗಾರಿಕೆಯ ನಡುವೆಯೇ ಕಾನೂನು ಪದವಿ ಮುಗಿಸಿದ್ದೆ, ಕರಿಕೋಟು ಹಾಕಿರಲಿಲ್ಲ. ಕೆಲಸ ಬಿಟ್ಟು ಮತ್ತೆ ಓದಲು ಹೊರಟಾಗ ಜೊತೆಯ ವರದಿಗಾರನೊಬ್ಬ ಬಸ್ ನಿಲ್ದಾಣದಲ್ಲಿ ಎಲ್ಲರೆದುರು ಕೇಳಿದ: “ಲೇ, ಇನ್ನ ಸುದ್ದಿಗೂ ಅಡಿಟಿಪ್ಪಣಿ ಹಾಕ್ತಿಯೇನು? ಓದೋರು ಯಾರಲೇ ಅದನ್ನ?” ನಾನು ನಕ್ಕು ಬಸ್ ಹತ್ತಿದೆ. ಮಾರ್ಗದರ್ಶಕರು ಮತ್ತು ಪರೀಕ್ಷಕರ ಆಚೆ ಅದನ್ನು ಓದುವವರು ಇರುವುದಿಲ್ಲವೆಂದು ನನಗೂ ಗೊತ್ತಿತ್ತು.

ವಿಷಯ ಸಿಕ್ಕಿದ್ದು ಹಳೆಯ ಕೆಲಸದಿಂದಲೇ. ಕೂಡ್ಲಿಗಿ ಕಡೆ ಸುದ್ದಿಗೆ ಹೋಗುತ್ತಿದ್ದಾಗ ವರ್ಷಗಟ್ಟಲೆ ಎಳೆದಾಡಿದ ಆಸ್ತಿ ದಾವೆ ಒಂದು ದಿನ ಇದ್ದಕ್ಕಿದ್ದಂತೆ ರಾಜಿಯಾಗುವುದನ್ನು ಕಾಣುತ್ತಿದ್ದೆ. ರಾಜಿ ಅರ್ಜಿಯಲ್ಲಿ ‘ಊರ ಹಿರಿಯರ ಸಮಕ್ಷಮ ಉಭಯ ಪಕ್ಷಕಾರರು ಒಪ್ಪಿಕೊಂಡಿರುತ್ತಾರೆ’ ಎಂಬ ಸಾಲು. ನಾನು ಅದನ್ನೇ ಬರೆದು ಕಳಿಸುತ್ತಿದ್ದೆ. ಒಮ್ಮೆ ಚಹಾದಂಗಡಿಯಲ್ಲಿ ಹಿರಿಯ ವಕೀಲರೊಬ್ಬರು ನನ್ನ ಸುದ್ದಿ ಓದಿ ಹೇಳಿದರು: “ಹಿರಿಯರ ಸಮಕ್ಷಮ ಅಲ್ರಿ ಇದು, ದೇವ್ರ ಸಮಕ್ಷಮ. ನಿನ್ನೆ ಗುಡಿಯಾಗ ಒಬ್ಬ ಭಂಡಾರ ಮುಟ್ಟ್ಯಾನ, ಇನ್ನೊಬ್ಬ ದಾವೆ ಬಿಟ್ಟಾನ. ಅದನ್ನ ಅರ್ಜಿಯಾಗ ಹೆಂಗ ಬರೀಬೇಕ್ರಿ ನಾವು?” ಆಮೇಲೆ ತಾವೇ ನಕ್ಕರು. “ಕೋರ್ಟಿನಾಗ ಏನು ಹೇಳಬೇಕಂತ ನಾವು ಹೇಳಿಕೊಡ್ತೀವಿ. ಗುಡಿಯಾಗ ಹೇಳಿಕೊಡಾಕ ಯಾರದಾರ?”

ಭಂಡಾರವೆಂದರೆ ದೇವರಿಗೆ ಏರಿಸಿದ ಅರಿಸಿನದ ಪುಡಿ. ಅದನ್ನು ಕೈಯಲ್ಲಿ ಹಿಡಿದು ಆಡಿದ ಮಾತನ್ನು ಈ ಕಡೆ ಯಾರೂ ಪ್ರಶ್ನಿಸುವುದಿಲ್ಲ.

ಪುಸ್ತಕಗಳ ಮುಂದೆ ಕೂತಾಗ ತಿಳಿಯಿತು, ಬ್ರಿಟಿಷರ ಕಾಲದ ಪ್ರಮಾಣ ಕಾಯ್ದೆ ಇದಕ್ಕೆ ಜಾಗ ಕೊಟ್ಟಿತ್ತು. ‘ಎದುರಿನವರು ಅವರ ನಂಬಿಕೆಯ ಇಂಥ ಆಣೆ ಮಾಡಿ ಹೇಳಿದರೆ ನಾನು ಅದಕ್ಕೆ ಬದ್ಧ’ ಎಂದು ಕಕ್ಷಿದಾರನೊಬ್ಬ ಕೋರ್ಟಿಗೆ ಹೇಳಬಹುದಿತ್ತು. ಎದುರಿನವರು ಆಣೆ ಮಾಡಿದರೆ ಆ ವಿಷಯ ಅಲ್ಲಿಗೆ ಮುಗಿಯಿತು. ಆದರೆ ಆಣೆ ಅಸಭ್ಯವಾಗಿರಬಾರದು, ವ್ಯಾಜ್ಯದಲ್ಲಿ ಇಲ್ಲದ ಮೂರನೆಯವರನ್ನು ತಾಕುವಂತಿರಬಾರದು. ಆಣೆ ಮಾಡುವುದಿಲ್ಲ ಎಂದವರನ್ನು ಒತ್ತಾಯಿಸುವಂತಿರಲಿಲ್ಲ. ಯಾವ ಆಣೆ ಕೇಳಲಾಯಿತು, ಏಕೆ ಒಲ್ಲೆನೆಂದರು ಎಂಬುದನ್ನು ಮಾತ್ರ ಕೋರ್ಟು ಬರೆದಿಟ್ಟುಕೊಳ್ಳಬೇಕಿತ್ತು. ಸ್ವಾತಂತ್ರ್ಯದ ನಂತರ ಬಂದ ಹೊಸ ಕಾಯ್ದೆ ಈ ಭಾಗವನ್ನೆಲ್ಲ ಕೈಬಿಟ್ಟಿತು. ಜನ ಕೈಬಿಡಲಿಲ್ಲ. ಕಾನೂನು ಹೊರಗಿಟ್ಟ ಆಣೆ ರಾಜಿ ಅರ್ಜಿಯ ಹಿಂದೆ ಹೇಗೆ ಉಳಿದುಕೊಂಡಿದೆ ಎನ್ನುವುದು ನನ್ನ ಪ್ರಶ್ನೆಯಾಯಿತು.

ಪ್ರಶ್ನೆ ಸುಲಭವಾಗಿತ್ತು. ಉತ್ತರ ಹೇಳುವವರು ಸಿಗಲಿಲ್ಲ. ಕೊಟ್ಟೂರಿನಿಂದ ಬೆಳಗಿನ ಬಸ್ಸು ಹಿಡಿದು ಒಂದು ದಿನ ಹಗರಿಬೊಮ್ಮನಹಳ್ಳಿ, ಇನ್ನೊಂದು ದಿನ ಹರಪನಹಳ್ಳಿ ಎಂದು ತಿರುಗಿದೆ. ರಾಜಿಯಾದವರ ಮನೆ ಹುಡುಕಿ ಹೋದರೆ ಮಜ್ಜಿಗೆ ಕೊಡುತ್ತಿದ್ದರು, ಮಾತು ಕೊಡುತ್ತಿರಲಿಲ್ಲ. ಹರಪನಹಳ್ಳಿ ಕಡೆಯ ಮುದುಕರೊಬ್ಬರು ಕಟ್ಟೆಯ ಮೇಲೆ ಕೂರಿಸಿಕೊಂಡು, “ಮಾಡಿದ ಆಣೆ ಬಾಯಲ್ಲಿ ಆಡ್ಬಾರ್ದಪ್ಪ. ಬೇರೆ ಏನಾದ್ರೂ ಕೇಳು, ಮಳೆ ವಿಷ್ಯ ಕೇಳು” ಎಂದು ಮಾತು ತಿರುಗಿಸಿದರು. ವಕೀಲರು ಹೇಳುತ್ತಿದ್ದರು; ಆದರೆ ಹೆಸರು ಹಾಕಬೇಡಿ ಎನ್ನುತ್ತಿದ್ದರು, ಮತ್ತು ಅವರಾರೂ ಆಣೆಯ ಜಾಗದಲ್ಲಿ ನಿಂತವರಲ್ಲ.

ನನ್ನ ಮಾರ್ಗದರ್ಶಕರು ಸಾಕ್ಷ್ಯ ಕಾಯ್ದೆ ಪಾಠ ಮಾಡಿದ ಪ್ರಾಧ್ಯಾಪಕಿ. ಕರಡು ಓದಿ ಕನ್ನಡಕ ತೆಗೆದಿಟ್ಟು ಹೇಳಿದರು: “ಇದೆಲ್ಲ ಕೇಳಿದ ಮಾತು. ಯಾರೋ ಹೇಳಿದ್ದನ್ನು ಇನ್ನಾರೋ ಹೇಳಿದ್ದು. ಒಂದನ್ನಾದರೂ ಕಣ್ಣಾರೆ ನೋಡಿ ಬರೆಯಿರಿ. ಆಗದಿದ್ದರೆ ಈ ಅಧ್ಯಾಯ ತೆಗೆದುಬಿಡಿ.” ಸುದ್ದಿಮನೆಯಲ್ಲೂ ನನಗೆ ಕಲಿಸಿದ್ದು ಇದನ್ನೇ. ಆದ್ದರಿಂದ ವಾದಿಸಲಿಲ್ಲ.

ಹಡಗಲಿಯಲ್ಲಿ ನನಗೆ ಪರಿಚಯವಿದ್ದ ವಕೀಲರೊಬ್ಬರ ಫೋನು ಬಂದದ್ದು ಆ ದಿನಗಳಲ್ಲಿ. ಅವರ ಕಕ್ಷಿದಾರಳು ಗಂಡ ತೀರಿಕೊಂಡ ಹೆಣ್ಣುಮಗಳು. ಕುರಿ ಸಾಕಿ ಹೊಲ ಮಾಡಿಕೊಂಡಿರುವ ಮನೆತನ. ಆಕೆಯ ಹೊಲಕ್ಕೆ ಹೋಗಬೇಕಾದರೆ ಮೈದುನನ ಹೊಲದ ಬದುವಿನ ಗುಂಟ ಬಂಡಿ ಹೋಗಬೇಕು. ಅಣ್ಣ ಇರುವ ತನಕ ತಕರಾರಿರಲಿಲ್ಲ. ಅಣ್ಣ ಹೋದ ಮೇಲೆ ಆತ ಜಾಲಿ ಮುಳ್ಳು ಬಡಿದು ದಾರಿ ಮುಚ್ಚಿದ. ಆಕೆ ದಾವೆ ಹಾಕಿದಳು. ದಾವೆ ನಡೆಯುತ್ತಿರುವಾಗಲೇ ಮೈದುನ ಹಿರಿಯರ ಮುಂದೆ ಹೇಳಿದ್ದ: “ಅಲ್ಲಿ ನಮ್ಮಪ್ಪನ ಕಾಲದಿಂದ ದಾರಿ ಇತ್ತು ಅಂತ ಆಕಿ ಭಂಡಾರ ಮುಟ್ಟಿ ಹೇಳಲಿ. ಅವತ್ತೇ ಮುಳ್ಳು ತೆಗೀತೀನಿ.”

“ಆಕಿ ಖರೇ ಮನುಷ್ಯಾಳ್ರಿ, ಮುಟ್ತಾಳ” ಎಂದರು ವಕೀಲರು. “ನೀವು ಬಂದು ನೋಡ್ರಿ. ನಿಮ್ಮ ಪುಸ್ತಕಕ್ಕೂ ಆತು, ನನ್ನ ಕೇಸಿಗೂ ಆತು.”

ಆಣೆಯ ಹಿಂದಿನ ದಿನ ಅವಳ ಒಪ್ಪಿಗೆ ಕೇಳಲು ಊರಿಗೆ ಹೋದೆ. ಇಟ್ಟಿಗಿಯ ಕಡೆ ಹೋಗುವ ರಸ್ತೆಯಲ್ಲಿ ಇಳಿದು ಒಳಗೆ ನಡೆಯಬೇಕು. ಆಕೆ ಅಂಗಳದಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ನಾನು ಪತ್ರಿಕೆಯಲ್ಲಿದ್ದವನೆಂದು ವಕೀಲರು ಮೊದಲೇ ಹೇಳಿದ್ದರೆಂದು ಕಾಣುತ್ತದೆ.

“ಫೋಟೋ ಹೊಡೀಬ್ಯಾಡ್ರಿ, ಸೀರಿ ಚಲೋ ಇಲ್ಲ” ಎಂದಳು ಮೊದಲು.

ಫೋಟೋ ಇಲ್ಲ, ಹೆಸರೂ ಇಲ್ಲ, ನಾಳೆ ದೂರ ನಿಂತು ನೋಡಿ ಬರೆದುಕೊಳ್ಳುವುದಷ್ಟೇ ಎಂದೆ. ಆಕೆ ಕಂಬಳಿ ಹಾಸಿ ಕೂರಲು ಹೇಳಿದಳು. ಒಳಗಿನಿಂದ ಮಗಳು ಚಹಾ ತಂದಿಟ್ಟಳು. ಹುಡುಗಿಗೆ ಮದುವೆ ಗೊತ್ತಾಗಿತ್ತು. ಚಹಾ ಕುಡಿದು ಮುಗಿದ ಮೇಲೆ ಆಕೆ ಕೇಳಿದಳು:

“ತಮ್ಮಾ, ನೀ ಕಾನೂನು ಓದಾಕತ್ತೀಯಂತ. ನಾ ಮುಟ್ಟದಿದ್ರ ಕೋರ್ಟಿನಾಗ ಸೋತಂಗೇನು?”

“ವಕೀಲರು ಏನಂದ್ರು?”

“ಮುಟ್ಟಿದ್ರ ಜಲ್ದಿ ಮುಗೀತೈತಿ ಅಂದ್ರು. ಮುಟ್ಟದಿದ್ರ ಏನಂತ ನಾ ಕೇಳಿಲ್ಲ, ಅವ್ರೂ ಹೇಳಿಲ್ಲ.”

ಯಾಕೆ ಮುಟ್ಟುವುದಿಲ್ಲ ಎಂದು ನಾನು ಕೇಳುವ ಮೊದಲೇ ಮಗಳು ಬಾಗಿಲಲ್ಲಿ ನಿಂತು ಹೇಳಿದಳು: “ಅವ್ವಾ, ಮುಟ್ಟಿಬಿಡು. ಕಾಕಾ ಇಲ್ಲಂದ್ರ ಮದುವಿ ನಿಲ್ತೈತೇನು? ಯಾರರ ಮುಂದ ನಿಲ್ತಾರ.”

“ನೀ ಸುಮ್ನಿರು. ಯಾರರ ಅಂದ್ರ ಯಾರು? ಹೆಸರು ಹೇಳು ನೋಡೋಣು.”

ಹುಡುಗಿ ಚಹಾದ ಲೋಟ ಎತ್ತಿಕೊಂಡಳು. ಒಳಗೆ ಹೋದಳು.

ಆಮೇಲೆ ಆಕೆ ಕಾರಣ ಬಿಡಿಸಿ ಹೇಳಿದಳು. ನಾನು ಹಳ್ಳಿ ಹಳ್ಳಿ ತಿರುಗಿ ಕೇಳಿದ್ದರೂ ಇದನ್ನು ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಭಂಡಾರ ಮುಟ್ಟಿದ ಮೇಲೆ, ಆಣೆ ಕೇಳಿದ ಮನೆಗೂ ಆಣೆ ಮಾಡಿದ ಮನೆಗೂ ನೀರು ಬೆಂಕಿ ಬಂದ್. ಒಬ್ಬರ ಹೊಸ್ತಿಲು ಇನ್ನೊಬ್ಬರು ತುಳಿಯುವಂತಿಲ್ಲ; ಮದುವೆ ಇರಲಿ, ಸಾವಿನ ಮಣ್ಣು ಇರಲಿ. ಮತ್ತೆ ಕೂಡಬೇಕಾದರೆ ಆಣೆ ಮಾಡಿದವರೇ ದೇವರಿಗೆ ತಪ್ಪುಕಾಣಿಕೆ ಒಪ್ಪಿಸಬೇಕು. ತಪ್ಪುಕಾಣಿಕೆ ಒಪ್ಪಿಸಿದರೆ ಸುಳ್ಳು ಆಣೆ ಮಾಡಿದ್ದಳೆಂದೇ ಊರು ತಿಳಿಯುತ್ತದೆ. ಹುಡುಗಿಗೆ ಅಪ್ಪ ಇಲ್ಲ. ಅಪ್ಪನ ಜಾಗದಲ್ಲಿ ನಿಂತು ಆಕೆಯನ್ನು ಗಂಡಿನವರಿಗೆ ಒಪ್ಪಿಸಬೇಕಾದವನು ಈ ಮೈದುನನೇ.

ವರದಿಗಾರ ತಾನು ನೋಡಲು ಹೋದ ಘಟನೆಯಲ್ಲಿ ಕೈ ಹಾಕಬಾರದು. ಸಂಶೋಧಕನಿಗೂ ಅದೇ ನಿಯಮ. ಆದರೆ ಆಕೆ ಕೇಳಿದ್ದು ನನ್ನ ಅಭಿಪ್ರಾಯವನ್ನಲ್ಲ, ಕಾನೂನನ್ನು. ಅದರ ಉತ್ತರ ನನ್ನ ಎರಡನೆಯ ಅಧ್ಯಾಯದಲ್ಲಿತ್ತು.

“ಸೋತಂಗಲ್ಲ” ಎಂದೆ. “ಗುಡಿಯಲ್ಲಿ ಆಣೆ ಮಾಡು ಅಂತ ನಿಮ್ಮನ್ನ ಯಾರೂ ಒತ್ತಾಯ ಮಾಡೋಹಂಗಿಲ್ಲ. ಮುಟ್ಟಲಿಲ್ಲ ಅಂತ ಕೋರ್ಟು ನಿಮ್ಮನ್ನ ಸುಳ್ಳಿ ಅನ್ನೋದಿಲ್ಲ. ದಾವೆ ನಡೀತದ. ಆದ್ರ ದಾರಿ ಇತ್ತು ಅಂತ ಸಾಕ್ಷಿ ಕೊಟ್ಟು ರುಜು ಮಾಡಬೇಕು, ತಡ ಆಗ್ತದ.”

“ತಡ ಅಂದ್ರ ಈ ಮುಂಗಾರು ಹೋತು.”

“ಹೌದು.”

ಆಕೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕೊಟ್ಟಳು. ನಾಳೆ ಏನು ಮಾಡುತ್ತೇನೆಂದು ಹೇಳಲಿಲ್ಲ. ಅವಳ ಪ್ರಶ್ನೆಗೆ ನಾನು ಉತ್ತರ ಕೊಟ್ಟಿದ್ದೇನೆಂದು ಪ್ರಬಂಧದ ಕ್ರಮವಿಧಾನದ ಭಾಗದಲ್ಲಿ ಬರೆದಿದ್ದೇನೆ.

ಮರುದಿನ ಬೆಳಗ್ಗೆ ಊರ ದೇವಿಯ ಗುಡಿಯ ಮುಂದೆ ಪೂಜಾರಿ ಕರಿ ಕಂಬಳಿ ಹಾಸಿ ಅದರ ನಡುವೆ ಭಂಡಾರ ಸುರಿದ. ಕಟ್ಟೆಯ ಮೇಲೆ ಹಿರಿಯರು. ಮೈದುನ ಬಿಳಿ ಅಂಗಿ ತೊಟ್ಟು ಕಂಬದ ಹತ್ತಿರ ನಿಂತಿದ್ದ. ಆತನನ್ನು ನಾನು ನೋಡಿದ್ದು ಅದೇ ಮೊದಲು. ಗಟ್ಟಿಮುಟ್ಟಾದ ಆಳು, ಟವೆಲ್ಲನ್ನು ಕೈಗೆ ಸುತ್ತುವುದು ಬಿಚ್ಚುವುದು ಮಾಡುತ್ತಿದ್ದ. ಆಕೆ ತಲೆಗೆ ನೀರು ಹಾಕಿಕೊಂಡು ಒಬ್ಬಳೇ ಬಂದಳು. ನಾನು ಬೇವಿನ ಮರದ ಬುಡದಲ್ಲಿ ನಿಂತಿದ್ದೆ.

“ಬಾರವ್ವಾ, ಕೈಯಾಗ ಹಿಡ್ಕೊಂಡು ಹೇಳಿಬಿಡು. ಹೊತ್ತೇರಾಕತ್ತೈತಿ” ಎಂದರು ಹಿರಿಯರಲ್ಲೊಬ್ಬರು.

ಆಕೆ ಕಂಬಳಿಯ ಅಂಚಿನವರೆಗೆ ಬಂದು ನಿಂತಳು. “ಅಲ್ಲಿ ದಾರಿ ಐತಿ. ನಮ್ಮ ಮಾವ ಬಂಡಿ ಹೊಡದಾನ, ನನ್ನ ಗಂಡ ಹೊಡದಾನ. ಇದನ್ನ ಎಲ್ಲಿ ಕೇಳಿದ್ರೂ ಹೇಳ್ತೀನಿ. ಭಂಡಾರ ಮುಟ್ಟಂಗಿಲ್ಲ.”

ಹಿಂದಿನಿಂದ ಒಂದು ದನಿ: “ಖರೇ ಇದ್ರ ಮುಟ್ಟಾಕ ಏನ್ ಧಾಡಿ?” ಇನ್ನೊಂದು ದನಿ: “ಕೋರ್ಟಿಗೆ ಹೋದಾಕಿ, ದೇವ್ರಿಗೆ ಅಂಜಿದ್ಲು ನೋಡು.” ನಗು.

ಆಕೆ ತಿರುಗಿ ನಕ್ಕವರ ಕಡೆ ನೋಡಲಿಲ್ಲ. ಮೈದುನನ ಕಡೆ ನೋಡಿ ಹೇಳಿದಳು: “ಇವತ್ತು ಮುಟ್ಟಿದ್ರ ನಾಳಿಂದ ಈತ ನನ್ನ ಹೊಸ್ತಿಲ ತುಳ್ಯಂಗಿಲ್ಲ, ನಾ ಈತನ ಮನಿ ನೀರು ಕುಡ್ಯಂಗಿಲ್ಲ. ಹುಡುಗಿಗೆ ಅಪ್ಪ ಇಲ್ಲ. ಇರೋದು ಈತ ಒಬ್ಬ. ಜಗಳ ನಂದೂ ಈತಂದೂ. ಹುಡುಗಿ ಏನ್ ಮಾಡೈತಿ?”

“ಮದುವಿ ಮುಗೀಲಿ ಬಿಡು, ಆಮ್ಯಾಲ ಮುಟ್ಟು” ಎಂದರು ಹಿರಿಯರು.

“ಮದುವಿ ಆದಮ್ಯಾಲ ಬಸರಾದ್ರ ಕುಬಸ ಇಲ್ಲೇನ್ರಿ? ತೊಟ್ಲ ಇಲ್ಲೇನು? ಎಲ್ಲಾ ಮುಗಿಸಿ ಮುಟ್ಟು ಅಂದ್ರ ನಾ ಸಾಯೋ ಹೊತ್ತಿಗೆ ಮುಟ್ಟಬೇಕು.”

ಈ ಸಲ ಯಾರೂ ನಗಲಿಲ್ಲ. ಮೈದುನ ಟವೆಲ್ ಹೆಗಲಿಗೆ ಹಾಕಿಕೊಂಡ. “ಹಿರೇರೆಲ್ಲ ಕೇಳಿದ್ರಿಲ್ಲ, ಮುಟ್ಟಂಗಿಲ್ಲ ಅಂದ್ಲು. ಮುಟ್ಟಂಗಿಲ್ಲ ಅಂದ್ರ ದಾರಿ ಇಲ್ಲ” ಎಂದು ಗುಡಿಯ ಹಿಂದಿನ ಓಣಿಯಲ್ಲಿ ಹೋಗಿಬಿಟ್ಟ. ಮದುವೆಯ ಕಾರಣಕ್ಕೆ ಆಕೆ ಮುಟ್ಟಲಾರಳೆಂದು ಲೆಕ್ಕ ಹಾಕಿಯೇ ಆತ ಆಣೆ ಕೇಳಿದ್ದ ಎಂದು ಕೆಲವರು ನನಗೆ ಹೇಳಿದರು. ಸಿಟ್ಟಿನಲ್ಲಿ ಆಡಿದ ಮಾತಿಗೆ ಸಿಕ್ಕಿಬಿದ್ದ ಎಂದು ಇನ್ನು ಕೆಲವರು. ಎರಡನ್ನೂ ಬರೆದುಕೊಂಡೆ. ಪೂಜಾರಿ ಭಂಡಾರವನ್ನು ಮತ್ತೆ ಚೀಲಕ್ಕೆ ತುಂಬಿದ. ಹೋಗುವ ಮೊದಲು ಒಂದು ಚಿಟಿಕೆ ತೆಗೆದು ಆಕೆಯ ಹಣೆಗೆ ಹಚ್ಚಿದ.

ಬಸ್ಸಿಗೆ ಕಾಯುತ್ತ ಮಾರ್ಗದರ್ಶಕರಿಗೆ ಫೋನು ಮಾಡಿದೆ.

“ಆಣೆ ಆಗಲಿಲ್ಲ ಮೇಡಂ.”

“ಕಾರಣ ಹೇಳಿದರಾ?”

“ಹೇಳಿದರು.”

“ಅವರ ಮಾತಲ್ಲೇ ಬರೆದುಕೊಂಡಿದ್ದೀರಾ?”

“ಬರೆದುಕೊಂಡಿದ್ದೇನೆ.”

“ಹಾಗಾದರೆ ಅಧ್ಯಾಯ ಇದೆ.”

ಹಳೆಯ ಕಾಯ್ದೆಯ ಆ ಎರಡು ಮಾತುಗಳನ್ನು ನಾನು ಎಷ್ಟೋ ಸಲ ಓದಿದ್ದೆ: ಆಣೆ ಮೂರನೆಯವರನ್ನು ತಾಕಬಾರದು; ಒಲ್ಲೆನೆಂದವರ ಕಾರಣವನ್ನು ಬರೆದಿಡಬೇಕು. ಮೂರನೆಯವರೆಂದರೆ ಮಕ್ಕಳ ತಲೆ ಮುಟ್ಟಿ ಮಾಡುವ ಆಣೆಯಂಥದ್ದು ಎಂದು ಟಿಪ್ಪಣಿ ಬರೆದು ಮುಂದೆ ಹೋಗಿದ್ದೆ. ಆ ಹುಡುಗಿಯ ತಲೆಯನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಆಣೆ ಮೊದಲು ಹೋಗಿ ತಾಕುವುದು ಅವಳಿಗೇ ಆಗಿತ್ತು. ಕಾಯ್ದೆ ಈ ಭಾಗವನ್ನು ಕೈಬಿಟ್ಟಾಗ ಆಣೆ ಉಳಿಯಿತು, ಆಣೆಗಿದ್ದ ಎರಡು ಬೇಲಿಗಳು ಹೋದವು. ಗುಡಿಯ ಮುಂದೆ ಮುಟ್ಟಲಿಲ್ಲ ಎಂಬುದು ಊರಿಗೆಲ್ಲ ನೆನಪಿರುತ್ತದೆ. ಯಾಕೆ ಮುಟ್ಟಲಿಲ್ಲ ಎಂಬುದನ್ನು ಎಲ್ಲೂ ಯಾರೂ ಬರೆಯುವುದಿಲ್ಲ. ನನ್ನ ಪ್ರಬಂಧದ ವಾದ ಕೊನೆಗೆ ಇಷ್ಟೇ ಆಯಿತು.

ಆ ಮುಂಗಾರಿನಲ್ಲಿ ಆಕೆಯ ಹೊಲಕ್ಕೆ ಟ್ರ್ಯಾಕ್ಟರ್ ಹೋಗಲಿಲ್ಲ. ಹಳ್ಳದ ಕಡೆಯಿಂದ ಸುತ್ತಿ, ಬೀಜ ಗೊಬ್ಬರ ತಲೆಯ ಮೇಲೆ ಹೊತ್ತು, ಆದಷ್ಟು ಮೆಕ್ಕೆಜೋಳ ಹಾಕಿದಳು. ಉಳಿದದ್ದು ಬೀಳು. ಊರಲ್ಲಿ ಅವಳಿಗೆ ‘ಮುಟ್ಟಲಾರದಾಕಿ’ ಎಂಬ ಹೆಸರು ಬಿತ್ತು. ಹಿರೇಹಡಗಲಿಯ ಅಂಗಡಿಯಲ್ಲಿ ಅಪರಿಚಿತರ ಬಾಯಲ್ಲೂ ಅದನ್ನು ಕೇಳಿದೆ.

ಮದುವೆಗೆ ನನ್ನನ್ನೂ ಕರೆದಿದ್ದಳು. ಮೈದುನನಿಗೆ ಕರೆ ಹೇಳಲು ತಾನೇ ಅವನ ಮನೆಗೆ ಹೋಗಿದ್ದಳಂತೆ. ಆತ ಹೆಂಡತಿಯೊಂದಿಗೆ ಹಿಂದಿನ ದಿನವೇ ಬಂದಿದ್ದ. ಹಂದರದ ಕೆಳಗೆ ಅಣ್ಣನ ಜಾಗದಲ್ಲಿ ನಿಂತು, ಹುಡುಗಿಯ ಕೈಯನ್ನು ಗಂಡಿನ ಕೈಯಲ್ಲಿಟ್ಟು ನೀರು ಬಿಟ್ಟ. ಅತ್ತಿಗೆ ಪಕ್ಕದಲ್ಲಿದ್ದಳು. ದಾರಿಯ ಮಾತು ಅಲ್ಲಿ ಯಾರೂ ಎತ್ತಲಿಲ್ಲ. ಊಟದ ಸಾಲಿನಲ್ಲಿ ಆತನೇ ಬಂದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, “ತಿನ್ರಿ. ಇದನ್ನೂ ಬರಕೋತೀರೇನು ಮತ್ತ?” ಎಂದ.

ಪ್ರಬಂಧ ಒಪ್ಪಿಸಿದೆ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಒಂದೇ ಪ್ರಕರಣದಿಂದ ಏನನ್ನು ಸಾಬೀತು ಮಾಡಲಾಗುತ್ತದೆ ಎಂದು ಕೇಳಿದರು. ಏನನ್ನೂ ಸಾಬೀತು ಮಾಡಲಾಗುವುದಿಲ್ಲ, ಕಾನೂನು ನೋಡದೆ ಬಿಟ್ಟ ಒಂದು ಜಾಗವನ್ನು ತೋರಿಸಬಹುದು ಎಂದೆ. ದಾವೆ ಏನಾಯಿತು ಎಂದರು. ಬಾಕಿ ಇದೆ ಎಂದೆ. ಪದವಿ ಬಂತು.

ಮೈದುನನ ಸಾಕ್ಷ್ಯದ ದಿನ ನಾನು ಕೋರ್ಟಿಗೆ ಹೋಗುವ ಅಗತ್ಯವಿರಲಿಲ್ಲ. ಆದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ ಎಂಬ ಮಾತನ್ನು ಗುಮಾಸ್ತರು ಹೇಳಿಕೊಟ್ಟಂತೆ ಆತ ಹೇಳಿದ. ಈ ಪ್ರಮಾಣದಿಂದ ಯಾವ ಮನೆಯ ನೀರೂ ಬಂದ್ ಆಗುವುದಿಲ್ಲ. ಪಾಟಿಸವಾಲಿನಲ್ಲಿ ಆಕೆಯ ವಕೀಲರು ಸರ್ವೆ ನಂಬರು, ಚಕ್ಕುಬಂದಿ ಎಲ್ಲ ಕೇಳಿ, ಕೊನೆಗೆ ಕೇಳಿದರು: “ನಿಮ್ಮ ಅಣ್ಣ ಇರೋತನಕ ನಿಮ್ಮ ಬದುವಿನ ಮ್ಯಾಲೆ ಬಂಡಿ ಹೊಡೀತಿದ್ರು. ಹೌದಲ್ಲೋ?”

ಆತ ಕಟಕಟೆಯ ಕಟ್ಟಿಗೆಯ ಮೇಲೆ ಕೈಯಿಟ್ಟು ನಿಂತಿದ್ದ. ತನ್ನ ವಕೀಲರ ಕಡೆ ನೋಡಲಿಲ್ಲ.

“ಹೊಡೀತಿದ್ದ.”

“ನಿಮ್ಮ ತಂದೆಯವರೂ?”

“ಅಪ್ಪನೂ ಹೊಡೀತಿದ್ದ.”

ಬೆರಳಚ್ಚುಗಾರ್ತಿ ಟೈಪ್ ಮಾಡಿದಳು: ‘ನನ್ನ ಅಣ್ಣ ಮತ್ತು ತಂದೆ ಸದರಿ ಬದುವಿನ ಮೇಲೆ ಬಂಡಿ ಹೊಡೆಯುತ್ತಿದ್ದರು ಎಂದರೆ ನಿಜ.’

ಹೊರಗೆ ಅವನ ವಕೀಲರು ಸಿಟ್ಟಿನಿಂದ, “ಏನಪಾ ಹಿಂಗ ಹೇಳಿಬಿಟ್ಟಿ?” ಎಂದರು. “ಕೇಳಿದ್ರು, ಹೇಳಿದೆ” ಎಂದ ಆತ. ಯಾಕೆ ಹಾಗೆ ಹೇಳಿದನೆಂದು ನಾನು ಕೇಳಲಿಲ್ಲ. ಮದುವೆಯ ಕಾರಣಕ್ಕೆ ಎಂದು ಬರೆಯಲು ನನ್ನ ಹತ್ತಿರ ಆಧಾರವಿಲ್ಲ.

ತೀರ್ಪಿನ ತನಕ ಆತ ಕಾಯಲಿಲ್ಲ. ಮುಳ್ಳು ತೆಗೆಯುತ್ತಿದ್ದಾನೆಂದು ವಕೀಲರು ಹೇಳಿದ ಮೇಲೆ, ಪ್ರಬಂಧದಲ್ಲಿ ಆಕೆಯ ಮಾತಿದ್ದ ಹಾಳೆಗಳ ಪ್ರತಿ ಹಿಡಿದು ಆಕೆಯ ಊರಿಗೆ ಹೋದೆ. ಆಕೆ ಬದುವಿನ ತುದಿಯಲ್ಲಿ ನಿಂತಿದ್ದಳು. ಆತ ಕುಡಗೋಲಿನಿಂದ ಜಾಲಿ ಕಂಟಿ ಎಳೆದು ಎಳೆದು ಬದಿಗೆ ಹಾಕುತ್ತಿದ್ದ. ಕುರಿ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ನಿಂತು ನೋಡಿ, “ಆದ್ರೂ ಆಕಿ ಮುಟ್ಟಲಿಲ್ಲಲ್ಲಪಾ” ಎಂದು ಹೇಳಿಯೇ ಹೋದ. ಆತ ಇನ್ನೊಂದು ಕಂಟಿ ಎಳೆದ.

“ನಾ ಹೇಳಿದ್ದು ಬರದೀಯೇನು ತಮ್ಮಾ?” ಎಂದಳು ಆಕೆ.

ಹಾಳೆ ತೆಗೆದು ಅವಳ ಮಾತು ಇದ್ದಷ್ಟನ್ನೇ ಓದಿ ಹೇಳಿದೆ. ಆಕೆ ತಲೆ ಆಡಿಸಿದಳು.

“ಹೆಸರು?”

“ಹಾಕಿಲ್ಲ ಯಕ್ಕಾ.”

“ಹಾಕಿದ್ರೂ ನಡೀತಿತ್ತು. ಊರಿಗೆಲ್ಲ ಗೊತ್ತೈತಿ.”

ಮೈದುನ ಬೆನ್ನು ನೆಟ್ಟಗೆ ಮಾಡಿ ಬೆವರು ಒರೆಸಿಕೊಂಡ. ಆಕೆ ಗಿಡದ ನೆರಳಿನಲ್ಲಿಟ್ಟಿದ್ದ ತಂಬಿಗೆ ಎತ್ತಿಕೊಂಡು ಹೊಸದಾಗಿ ತೆರೆದ ದಾರಿಯಲ್ಲಿ ಅವನ ಹತ್ತಿರ ನಡೆದುಹೋಗಿ ಕೊಟ್ಟಳು. ಆತ ತಲೆ ಹಿಂದಕ್ಕೆ ಬಾಗಿಸಿ ನೀರು ಕುಡಿದು, ತಂಬಿಗೆಯನ್ನು ಅತ್ತಿಗೆಯ ಕೈಗೆ ಕೊಟ್ಟು, ಮತ್ತೆ ಕಂಟಿ ಎಳೆಯಲು ಬಾಗಿದ.